ಯುದ್ಧದ ಗುಟ್ಟನ್ನು ಕಾದಂಬರಿ ಊಹಿಸಬಹುದೇ?

ಪರ

ಮಂಗಳೂರಿನ ಜೆಪ್ಪುವಿನ ನಮ್ಮ ಹಳೇ ಮನೆಯ ಮಾಡಿನಿಂದ ಇಳಿಸಿದ ಹಂಚೊಂದು ನನ್ನ ಮೇಜಿನ ಮೇಲಿದೆ. ಪಾಚಿ ಕೆರೆದರೆ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯ ಅಚ್ಚು ಕಾಣುತ್ತದೆ. ಮಿಶನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಬಂತು. ಮಿಶನ್ನಿನ ಜರ್ಮನ್ ಪಾದ್ರಿಗಳು ರಾತ್ರೋರಾತ್ರಿ ಬ್ರಿಟಿಷರಿಗೆ ವೈರಿಗಳಾದರು. ಹಲವರನ್ನು ಅಹ್ಮದ್‌ನಗರದ ಶಿಬಿರಕ್ಕೆ ಕಳಿಸಿದರು. ಕಾರ್ಖಾನೆ ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಸಂಸ್ಥೆಯ ಕೈಗೆ ಹೋಯಿತು.

ಇಷ್ಟು ಕಾಗದದಲ್ಲಿದೆ. ಆದರೆ ಹಂಚು ಹೊರುತ್ತಿದ್ದ ಹೆಂಗಸು ಆ ಸಂಜೆ ಮನೆಗೆ ಹೋಗಿ ಏನು ಹೇಳಿದಳು? ತನ್ನ ಮಗುವಿಗೆ ಅಕ್ಷರ ಕಲಿಸಿದವರೇ ವೈರಿಗಳು ಅಂದರೆ ನಂಬಿದಳಾ? ನಾನು ಎಲ್ಲೂ ಓದಿಲ್ಲ. ಕಾದಂಬರಿಕಾರರು ಅಲ್ಲಿಗೆ ಹೋಗಲೇಬೇಕು.

ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನ್ನರ ಗುಪ್ತಲಿಪಿ ಒಡೆಯುತ್ತಿದ್ದ ಜಾಗದಲ್ಲಿ ದುಡಿದವರಲ್ಲಿ ಹೆಂಗಸರೇ ಜಾಸ್ತಿ. 1974ರ ಹೊತ್ತಿಗೆ ವಿಷಯ ಹೊರಬರುವ ತನಕ ಎಷ್ಟೋ ಮಂದಿ ಗಂಡನಿಗೂ ಹೇಳಿರಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು ಬಾಯಿ ಕಟ್ಟಿಕೊಂಡ ಕಷ್ಟ ಯಾವ ಕಡತದಲ್ಲಿ ಸಿಗುತ್ತದೆ? ಈಗ ಕಾದಂಬರಿಗಳು ಅವರನ್ನು ಹುಡುಕಿಕೊಂಡು ಹೋಗುತ್ತಿವೆ. ನನಗಂತೂ ಖುಷಿ.

ವಿರೋಧ

ಹೆಸರಿಲ್ಲದ ಹೆಂಗಸಿನ ಮಾತನ್ನು ಊಹಿಸಿದರೆ ನನ್ನ ತಕರಾರಿಲ್ಲ. ನಿಜವಾದ ಹೆಸರನ್ನು ಇಟ್ಟುಕೊಂಡು ಬದುಕನ್ನೇ ಬದಲಿಸಿದರೆ?

ಮೈಕೆಲ್ ಒಂಡಾಟ್ಜೆಯವರ 1992ರ ಕಾದಂಬರಿ ‘ದಿ ಇಂಗ್ಲಿಷ್ ಪೇಶಂಟ್’ ನೋಡಿ. ಅಲ್ಮಾಶಿ ಅನ್ನುವ ಹಂಗೇರಿಯ ಮರುಭೂಮಿ ಶೋಧಕ ನಿಜಕ್ಕೂ ಇದ್ದ. 1942ರಲ್ಲಿ ಇಬ್ಬರು ಜರ್ಮನ್ ಗೂಢಚಾರರನ್ನು ಮರಳು ದಾಟಿಸಿ ಈಜಿಪ್ಟಿಗೆ ಬಿಟ್ಟವನು ಅವನು. ಸತ್ತದ್ದು 1951ರಲ್ಲಿ, ಕಾಯಿಲೆ ಬಂದು. ಕಾದಂಬರಿಯಲ್ಲಿ ಗೂಢಚಾರಿಕೆಯ ಮಾತು ಬರುತ್ತದೆ, ನಿಜ. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಅಲ್ಮಾಶಿ ಮೈಯೆಲ್ಲ ಸುಟ್ಟ ಪ್ರೇಮಿ. ಇದು ನನಗೆ ಸಂಕಟ.

ಇನ್ನು ಬಾಯಿಬಿಡದವರ ವಿಷಯ. ನಮ್ಮಜ್ಜ ಬರ್ಮಾ ಯುದ್ಧಕ್ಕೆ ಹೋಗಿ ಉಡುಪಿಗೆ ವಾಪಸ್ ಬಂದವರು. ರಾತ್ರಿ ಊಟಕ್ಕೆ ಕೂತಾಗ ಕೇಳಿದರೆ, ‘ಗಂಜಿ ಉಣ್ಣು ಮಾರಾಯ, ಆರಿ ಹೋಗ್ತದೆ’ ಅನ್ನುತ್ತಾ ಉಪ್ಪಿನಕಾಯಿ ಭರಣಿಯನ್ನು ನನ್ನ ಕಡೆ ತಳ್ಳುತ್ತಿದ್ದರು. ಅವರಿಗೆ ಎಲ್ಲ ನೆನಪಿತ್ತು. ಜೋರು ಮಳೆ ಬಂದ ರಾತ್ರಿ ನಿದ್ದೆಯಲ್ಲೇ ಕೂಗುತ್ತಿದ್ದರು. ಹೇಳುವುದು ಬೇಡ ಅಂತ ಅವರೇ ತೀರ್ಮಾನಿಸಿದ್ದರು.

ಈಗಿನ ಕಾದಂಬರಿಗಳಲ್ಲಿ ಇಂಥ ಅಜ್ಜನಿಗೆ ಅಟ್ಟದಲ್ಲೊಂದು ಟ್ರಂಕು ಇರುತ್ತದೆ, ಅದರಲ್ಲಿ ಪತ್ರಗಳು. ಮೊಮ್ಮಗಳು ಓದುತ್ತಾಳೆ, ಗಂಟೆಲ್ಲ ಬಿಚ್ಚಿಕೊಳ್ಳುತ್ತದೆ. ನಮ್ಮ ಅಟ್ಟದಲ್ಲೂ ಟ್ರಂಕಿತ್ತು. ಅಜ್ಜ ಹೋದ ಮೇಲೆ ತೆರೆದೆವು. ಒಂದು ಕಂಬಳಿ, ನುಸಿಗುಳಿಗೆಯ ವಾಸನೆ. ಬೇರೇನೂ ಇರಲಿಲ್ಲ.