ಸುಳಿವು ಬಿಡಿಸಿದ್ದು ಸಾಕು, ಇನ್ನು ಬರೆಯೋಣ

ಕನ್ನಡದ ಪದಬಂಧಕ್ಕೂ ಜಾಣ ಸುಳಿವು (ಇಂಗ್ಲಿಷಿನ ಕ್ರಿಪ್ಟಿಕ್ ಕ್ಲೂ ಥರದ ಒಗಟಿನ ಸುಳಿವು) ಬೇಕು ಅಂತ ನಾನು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು "ಅದೆಲ್ಲ ಇಂಗ್ಲಿಷ್ ಪೇಪರಿನವರ ಆಟ, ನಮ್ಮ ಭಾಷೆಗೆ ಒಗ್ಗಲ್ಲ" ಅನ್ನುತ್ತಾರೆ. ಈ ಮಾತು ನಾನು ಒಪ್ಪುವುದಿಲ್ಲ. ಕೋಲಾರದ ನಮ್ಮ ಚಿಕ್ಕ ಗುಂಪಿನಲ್ಲಿ ಅದು ಎಷ್ಟು ಚೆನ್ನಾಗಿ ಒಗ್ಗುತ್ತದೆ ಅನ್ನುವುದನ್ನು ವಾರವಾರವೂ ನೋಡುತ್ತಿದ್ದೇನೆ.

ಮೊದಲು ಈಗಿನ ಪದಬಂಧದ ಮಾತು. "ಆನೆ (2)" ಅಂತ ಇರುತ್ತದೆ. ಕಂಸದಲ್ಲಿರುವುದು ಉತ್ತರದ ಅಕ್ಷರಗಳ ಲೆಕ್ಕ. ಕರಿಯೋ, ಗಜವೋ, ದಂತಿಯೋ, ಅಕ್ಕಪಕ್ಕದ ಅಕ್ಷರ ನೋಡಿ ತುಂಬಿಸುತ್ತೇವೆ. ಗೊತ್ತಿದ್ದರೆ ಆಯಿತು, ಗೊತ್ತಿಲ್ಲದಿದ್ದರೆ ಉತ್ತರ ಅಚ್ಚಾಗುವವರೆಗೆ ಕಾಯಬೇಕು. ಇದನ್ನು ನಾನು ಕೀಳು ಅನ್ನುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಹಳೆಯ ಪದಗಳು ಬದುಕಿ ಉಳಿದಿರುವುದು ಇದರಿಂದಲೇ. ನಮ್ಮ ಜಿಲ್ಲೆಯ ಅಬ್ಬಣಿಯಲ್ಲಿ ಹುಟ್ಟಿದ ಅ.ನಾ. ಪ್ರಹ್ಲಾದರಾವ್ ಸಾವಿರಾರು ಪದಬಂಧ ರಚಿಸಿ ಕನ್ನಡಿಗರಿಗೆ ಈ ರುಚಿ ಹತ್ತಿಸಿದವರು. ಅವರ ಜಿಲ್ಲೆಯವರು ನಾವು ಅನ್ನುವ ಹೆಮ್ಮೆ ನಮಗೆಲ್ಲ ಇದೆ.

ಆದರೆ ಜಾಣ ಸುಳಿವಿನ ದಾರಿಯೇ ಬೇರೆ. ಅದರಲ್ಲಿ ಒಂದು ಕಡೆ ಪದದ ಅರ್ಥ ಇರುತ್ತದೆ, ಇನ್ನೊಂದು ಕಡೆ ಅಕ್ಷರಗಳ ಆಟ. ಎರಡೂ ಒಂದೇ ಉತ್ತರಕ್ಕೆ ಬಂದು ಸೇರಬೇಕು. ಇದನ್ನು ನೋಡಿ:

ಲೋಕ ಮಲಗಿದಾಗ ಒಳಗೆ ಅಡಗಿದ ಹೂವು (3)

ಮೊದಲ ಎರಡು ಪದಗಳನ್ನು ಬಿಡದೆ ಸೇರಿಸಿ ಓದಿ. ಕ-ಮ-ಲ ಅಲ್ಲೇ ಕೂತಿದೆ, ಅಲ್ವಾ? ರಾತ್ರಿ ಕಮಲ ಮುಚ್ಚಿಕೊಳ್ಳುವುದೂ ನಿಜ. ಬಿಡಿಸುವ ಗೋಜಿಗೆ ಹೋಗದೆ ಸುಮ್ನೆ ಓದಿದರೂ ಸಾಲು ಚೆನ್ನಾಗಿದೆ.

ಇದು ಒಬ್ಬರ ತಲೆಯಿಂದ ಬಂದದ್ದಲ್ಲ. ಭಾನುವಾರ ಸಂಜೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಮನೆ ಜಗಲಿಯಲ್ಲಿ ಸೇರುತ್ತೇವೆ. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ, ನರ್ಸಿಂಗ್ ಓದುವ ಹುಡುಗಿ, ಬಂಗಾರಪೇಟೆಯಿಂದ ಬರುವ ಅಕ್ಕ, ಹೀಗೆ ಒಂದಷ್ಟು ಜನ. ಒಂದು ಪದ ಕೊಡುತ್ತಾರೆ, ಎಲ್ಲರೂ ಅದಕ್ಕೆ ಸುಳಿವು ಬರೆಯಬೇಕು. ಕಮಲ ಕೊಟ್ಟ ದಿನ ಮೊದಲು ಬಂದವು "ಕೆಸರಿನ ಹೂವು", "ಲಕ್ಷ್ಮಿ ಕೂರುವ ಜಾಗ". "ಇದು ನಿಘಂಟಾಯ್ತು ಕಣ್ರಪ್ಪಾ, ಸುಳಿವಾಗಲಿಲ್ಲ" ಅಂದರು ಮೇಷ್ಟ್ರು. ಮಂಡಿ ಹುಡುಗ ಪದವನ್ನು ಕ, ಮಲ ಅಂತ ಒಡೆದ. ಮಲ ಅಂತ ಶುರುವಾಗುವುದು ಏನೇನಿದೆ? ಮಲೆನಾಡು ಆಗಲ್ಲ, ಅಲ್ಲಿರುವುದು ಲೆ. ಮಲ್ಲಿಗೆ ಮೊದಲೇ ಆಗಲ್ಲ, ಒತ್ತು ಅಡ್ಡ ಬರುತ್ತದೆ. ಉಳಿದದ್ದು ಮಲಗು. ಸರಿ, ಮಲಗಿದವರು ಯಾರು? ಕೊನೆಯಲ್ಲಿ ಕ ಇರುವವರು ಬೇಕು. ಬಾಲಕ ಮಲಗಿದ, ಸೇವಕ ಮಲಗಿದ, ಚಾಲಕ ಮಲಗಿದ. ಚಾಲಕ ಮಲಗಿದರೆ ನಮ್ಮ ಗತಿ ಏನು ಅಂತ ಅಕ್ಕ ನಕ್ಕರು. ಆಗ ನರ್ಸಿಂಗ್ ಹುಡುಗಿ "ಲೋಕ ಮಲಗಲಿ ಸರ್" ಅಂದಳು. ಮೇಷ್ಟ್ರು ಅದನ್ನು ತಮ್ಮ ನೋಟ್‌ಬುಕ್ಕಿಗೆ ಬರೆದುಕೊಂಡರು. ಅವರು ಎಲ್ಲವನ್ನೂ ಬರೆದುಕೊಳ್ಳುವುದಿಲ್ಲ.

ಇನ್ನು "ಇಂಗ್ಲಿಷರ ಆಟ" ಅನ್ನುವ ಮಾತು. ಆರ್ಥರ್ ವಿನ್ ರಚಿಸಿದ ಪದಬಂಧ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಅಚ್ಚಾದದ್ದು 1913ರ ಡಿಸೆಂಬರ್ 21ರಂದು. ಅದರಲ್ಲೂ ಇದ್ದದ್ದು ನೇರವಾದ ಸುಳಿವುಗಳೇ. ಒಗಟಿನಂಥ ಸುಳಿವು ಬೆಳೆದದ್ದು ಆಮೇಲೆ, 1920ರ ದಶಕದ ಇಂಗ್ಲೆಂಡಿನಲ್ಲಿ. ಅಂದರೆ ಅವರೂ ಕಲಿತೇ ಬೆಳೆಸಿದರು. ನಮಗಂತೂ ಒಗಟಿದೆ, ಅರ್ಥ ಒಳಗೆ ಅಡಗಿಸಿ ಹೇಳುವ ಬೆಡಗಿನ ವಚನ ಇದೆ, ಸವಾಲು ಹಾಕಿದಂತೆ ಅಲ್ಲೇ ಪದ್ಯ ಕಟ್ಟುವ ಅವಧಾನ ಇದೆ. ಶತಾವಧಾನಿ ಆರ್. ಗಣೇಶ್ ಹುಟ್ಟಿದ್ದು ಕೋಲಾರದಲ್ಲೇ. ಅವಧಾನದ ನಿಷೇಧಾಕ್ಷರಿಯಲ್ಲಿ ಕವಿ ಮುಂದೆ ಯಾವ ಅಕ್ಷರ ಹಾಕಬಹುದು ಅಂತ ಊಹಿಸಿ ಪೃಚ್ಛಕರು (ಸವಾಲು ಹಾಕುವವರು) ಅದನ್ನೇ ಬೇಡ ಅನ್ನುತ್ತಾರೆ. ಅಕ್ಷರ ಅಕ್ಷರಕ್ಕೂ ಹೀಗೆ ಸೆಣಸುವ ಆಟ ಇರುವ ಭಾಷೆಗೆ ಜಾಣ ಸುಳಿವು ಒಗ್ಗಲ್ಲ ಅಂದರೆ ನಾನು ಹೇಗೆ ನಂಬಲಿ?

ಕಷ್ಟ ಇಲ್ಲ ಅಂತಲ್ಲ. ನಮ್ಮಲ್ಲಿ ಒಂದು ಮನೆಗೆ ಒಂದು ಅಕ್ಷರ, ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ. ಹಾಗಾಗಿ ಅಕ್ಷರ ಕಲಸಿ ಹೊಸ ಪದ ಮಾಡುವ ಅವಕಾಶ ಇಂಗ್ಲಿಷಿಗಿಂತ ಕಮ್ಮಿ. ಆದರೆ ಇಂಗ್ಲಿಷಿಗೆ ಸಿಗದ ಒಂದು ಸೊಗಸು ಇಲ್ಲಿ ಸಿಗುತ್ತದೆ. "ಹಲ್ಲಿಗೆ ಕೊಂಬು ಬಂದರೆ ಹಸುವಿಗೆ ಮೇವು (2)". ಹ ಅಕ್ಷರಕ್ಕೆ ಕೊಂಬು ಕೊಡಿ, ಹುಲ್ಲಾಯಿತು. "ಜೈಲುವಾಸಕ್ಕೆ ಸೊನ್ನೆ ಸೇರಿದರೆ ಹೊತ್ತು ಮುಳುಗುತ್ತದೆ (2)". ಸಜೆ ಹೋಗಿ ಸಂಜೆ. ಕೊಂಬು, ಸೊನ್ನೆ, ದೀರ್ಘ, ಒತ್ತು ಇವೆಲ್ಲ ಒಂದನೇ ಕ್ಲಾಸಿನಲ್ಲಿ ಕಲಿತ ಪದಗಳು. ಇವುಗಳೊಳಗೆ ಇಷ್ಟು ಆಟ ಇದೆ ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ಇನ್ನು ಚಿನ್ನದ ನಾಡಿನವರಾಗಿ ನಮಗೆ ತುಂಬ ಇಷ್ಟವಾದದ್ದು ಇದು: "ಹಿಂದಿನಿಂದ ಓದಿದರೂ ಚಿನ್ನ ಚಿನ್ನವೇ (3)". ಕನಕ!

ಒಂದು ವಿಷಯದಲ್ಲಿ ಮಾತ್ರ ನಮ್ಮ ಗುಂಪು ಬಹಳ ಕಟ್ಟುನಿಟ್ಟು. ಸುಳಿವು ದಾರಿ ತಪ್ಪಿಸಬಹುದು, ಮೋಸ ಮಾಡಬಾರದು. "ರಮಣ ಹೈವೇಯಲ್ಲಿ ಅಡ್ಡಾದಿಡ್ಡಿ ಬೈಕ್ ಓಡಿಸಿದರೆ ಸಾವು (3)" ಅಂತ ಒಬ್ಬರು ಬರೆದು ತಂದರು. ರಮಣ ಅನ್ನುವುದನ್ನು ಅಡ್ಡಾದಿಡ್ಡಿ ಮಾಡಿದರೆ ಮರಣ. ಯೋಚನೆ ಬಹಳ ಚೆನ್ನಾಗಿದೆ. ಆದರೆ ಹೈವೇಗೆ ಏನು ಕೆಲಸ? ಬೈಕಿಗೆ ಏನು ಕೆಲಸ? ಉತ್ತರ ಹುಡುಕುವವರು ಆ ಎರಡು ಪದಗಳ ಜೊತೆ ಒದ್ದಾಡಿ ಹೊತ್ತು ಕಳೆಯುತ್ತಾರೆ. ಚರ್ಚೆ ಆಗಿ ಕೊನೆಗೆ ಉಳಿದದ್ದು "ರಮಣ ಅಡ್ಡಾದಿಡ್ಡಿ ಹೋದರೆ ಸಾವು". ಒಂದು ಪದವೂ ಜಾಸ್ತಿ ಇಲ್ಲ. ಉತ್ತರ ಗೊತ್ತಾದ ಮೇಲೆ "ಅಯ್ಯೋ, ಕಣ್ಣೆದುರೇ ಇತ್ತಲ್ಲ" ಅನ್ನಿಸಬೇಕು. "ಇದು ಹೇಗೆ ಬಂತು?" ಅನ್ನಿಸಿದರೆ ಆ ಸುಳಿವು ಸೋತಿತು ಅಂತಲೇ ನನ್ನ ಲೆಕ್ಕ. ಕಷ್ಟದ ಸುಳಿವು ಯಾರು ಬೇಕಾದರೂ ಬರೆಯಬಹುದು, ನ್ಯಾಯವಾದ ಸುಳಿವು ಬರೆಯುವುದೇ ಕಷ್ಟ.

ಅದಕ್ಕೇ ಗುಂಪು ಬೇಕು ಅನ್ನುತ್ತೇನೆ. ನಮಗೆ ನಾವೇ ಬರೆದ ಸುಳಿವು ಯಾವಾಗಲೂ ಸುಲಭ, ಉತ್ತರ ಮೊದಲೇ ಗೊತ್ತಿರುತ್ತದೆ. ಇನ್ನೊಬ್ಬರ ಮುಖ ನೋಡಿದಾಗಲೇ ಅದು ಎಲ್ಲಿ ಎಡವುತ್ತಿದೆ ಅಂತ ತಿಳಿಯುವುದು. ಇನ್ನೊಂದು ಲಾಭವೂ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಮಂಡಿ ಹುಡುಗನ ಮನೆಯೂ ಹಾಗೇ. ನಮಗೆ ಕನ್ನಡ ಪದ ಇಡಿಯಾಗಿ ಕೇಳಿಸಿದರೆ ಅವನಿಗೆ ಅದು ತುಂಡು ತುಂಡಾಗಿ ಕಾಣುತ್ತದೆ. ಪದ ಒಡೆಯುವುದರಲ್ಲಿ ಅವನನ್ನು ಮೀರಿಸುವವರು ಗುಂಪಿನಲ್ಲಿಲ್ಲ. "ನಿನ್ನ ಕನ್ನಡ ಸರಿಯಿಲ್ಲ" ಅಂತ ಶಾಲೆಯಲ್ಲಿ ಕೇಳಿಸಿಕೊಂಡು ಬೆಳೆದ ಹುಡುಗ ಅವನು. ಅವನು ಇವತ್ತು ಮೇಷ್ಟ್ರ ಜೊತೆ ಒತ್ತಕ್ಷರದ ಬಗ್ಗೆ ವಾದ ಮಾಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂತೋಷ ಆಗುತ್ತದೆ.

ಪತ್ರಿಕೆಯವರಲ್ಲಿ ಒಂದು ಕೋರಿಕೆ ಇದೆ. ಇಡೀ ಪದಬಂಧ ಬದಲಿಸುವುದು ಬೇಡ. ದಿನಕ್ಕೆ ಒಂದೇ ಒಂದು ಜಾಣ ಸುಳಿವು ಸೇರಿಸಿ, ಮರುದಿನ ಉತ್ತರದ ಜೊತೆ ಅದು ಹೇಗೆ ಬಂತು ಅಂತ ಒಂದು ಸಾಲು ಕೊಡಿ. ಜನ ತಾವಾಗಿ ಕಲಿಯುತ್ತಾರೆ. ಕನ್ನಡ ಮೇಷ್ಟ್ರುಗಳೂ ವಾರದಲ್ಲಿ ಒಂದು ಪೀರಿಯಡ್ ಮಕ್ಕಳಿಗೆ ಒಂದು ಪದ ಕೊಟ್ಟು ಸುಳಿವು ಬರೆಸಿ ನೋಡಲಿ. ಗುಣಿತಾಕ್ಷರ ಬಾಯಿಪಾಠ ಮಾಡಿಸುವುದಕ್ಕಿಂತ ಅದು ಚೆನ್ನಾಗಿ ತಲೆಗೆ ಹತ್ತುತ್ತದೆ.

ಈ ವಾರ ನಮ್ಮ ಗುಂಪಿಗೆ ಬಂದಿರುವ ಪದ ಅವರೆಕಾಯಿ (5). "ಅವರೇ ಕಾಯಲಿ" ಅನ್ನುವ ದಾರಿಯಲ್ಲಿ ಆಗಲೇ ನಾಲ್ಕೈದು ಸುಳಿವು ಬಂದು, ಮೇಷ್ಟ್ರು ಆ ದಾರಿ ಮುಚ್ಚಿಬಿಟ್ಟಿದ್ದಾರೆ. ಬೇರೆ ದಾರಿ ಹೊಳೆದರೆ ಬರೆದು ಕಳಿಸಿ, ಭಾನುವಾರ ಜಗಲಿಯಲ್ಲಿ ಓದುತ್ತೇವೆ.