ಬಾಕ್ಸಿಗೆ ಹನ್ನೊಂದು ಸಾವಿರ

ಪರದೆ ಕಪ್ಪಗಿದ್ದರೆ ಕಂಪ್ಯೂಟರ್ ಕೆಟ್ಟಿದೆ ಎಂಬುದು ಅಮ್ಮನ ಲೆಕ್ಕ. ಕೋಲಾರದ ಮನೆಯ ಮಹಡಿಯಲ್ಲಿ ಕುಳಿತು ನಾನು ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದರೆ ಸಾಕು, ಕಾಫಿ ತಂದಿಟ್ಟು, "ಇನ್ನೂ ಸರಿಹೋಗಲಿಲ್ಲವೇನೋ?" ಎಂದು ಮರುಗುತ್ತಾಳೆ.

ಮೊದಲು ನಾನೂ ಮೌಸ್ ಹಿಡಿದು ಕಚೇರಿಯ ಅಂಕಿಅಂಶ ತೋರಿಸುವ ಡ್ಯಾಶ್‌ಬೋರ್ಡ್ ಮಾಡುತ್ತಿದ್ದವನೇ. ಯಾರೋ ಒಂದು ಫಿಲ್ಟರ್ ಬದಲಿಸುವುದು, ತಿಂಗಳ ಕೊನೆಯಲ್ಲಿ ಅಂಕಿ ತಾಳೆಯಾಗದೆ ಎಲ್ಲರೂ ಮುಖ ಮುಖ ನೋಡಿಕೊಳ್ಳುವುದು ನಡೆದೇ ಇತ್ತು. ಕೊನೆಗೆ ಕಚೇರಿಯಿಂದ ಅಪ್ಪಣೆಯಾಯಿತು: ಇನ್ನು ಸೂತ್ರ, ಚಾರ್ಟ್, ಡ್ಯಾಶ್‌ಬೋರ್ಡ್ ಎಲ್ಲವನ್ನೂ ಯಾಮಲ್ ಎಂಬ ಬರವಣಿಗೆಯ ಫೈಲುಗಳಲ್ಲಿ ಬರೆದು, ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿ ಇಡಬೇಕು. ಟರ್ಮಿನಲ್‌ನಲ್ಲಿ 'ವ್ಯಾಲಿಡೇಟ್' ಎಂದರೆ ತಪ್ಪು ಹುಡುಕುತ್ತದೆ, 'ಡಿಪ್ಲಾಯ್' ಎಂದರೆ ಎಲ್ಲವೂ ಸರ್ವರ್ ಏರುತ್ತದೆ.

ಈ ಯಾಮಲ್ ಮಡಿಯುಟ್ಟ ಅಜ್ಜಿಯಂತೆ. ಸಾಲಿನ ಆರಂಭದಲ್ಲಿ ಸ್ಪೇಸ್ ನಡೆಯುತ್ತದೆ, ಟ್ಯಾಬ್ ತಗುಲಿದರೆ ಮೈಲಿಗೆ. ಕಣ್ಣಿಗೆ ಎರಡೂ ಒಂದೇ ಬಯಲು. 47ನೆಯ ಸಾಲಿನ ಆ ಒಂದು ಟ್ಯಾಬ್ ನನ್ನ ಇಡೀ ಸಂಜೆಯನ್ನು ನುಂಗಿತು. ನಾರ್ವೆಯ ಸಂಕೇತವಾದ ಎನ್ಒ (NO) ಎಂಬ ಎರಡಕ್ಷರ ಬರೆದರೆ ಹಳೆಯ ಯಾಮಲ್ ಅದನ್ನು 'ಇಲ್ಲ' ಎಂದು ಓದಿಕೊಳ್ಳುತ್ತದೆ. ಒಂದು ದೇಶವನ್ನೇ ಇಲ್ಲವೆನ್ನುವವರ ಮುಂದೆ ನನ್ನ ಸಂಜೆ ಯಾವ ಮೂಲೆಗೆ!

ಕೈ ಪಳಗಲೆಂದು ಚಿಕ್ಕಪ್ಪನ ಟೊಮೆಟೊ ಮಂಡಿಯ ಲೆಕ್ಕ ಹಿಡಿದೆ. ಇಲ್ಲಿ ಹರಾಜು ಕೂಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. ಆ ದಿನದ 38 ಲಾಟ್‌ಗಳ ದರ ತುಂಬಿಸಿ, 'ಇಂದಿನ ದರ' ಎಂಬ ಸೂತ್ರ ಬರೆದೆ. ವ್ಯಾಲಿಡೇಟ್ ಮಾಡಿದರೆ ಒಂದೂ ತಪ್ಪಿಲ್ಲ. ಹಸಿರು ಅಕ್ಷರ ಕಂಡ ಹುಮ್ಮಸ್ಸಿನಲ್ಲಿ ಡಿಪ್ಲಾಯ್ ಮಾಡಿ ಚಿಕ್ಕಪ್ಪನಿಗೆ ಲಿಂಕ್ ಕಳಿಸಿದೆ.

ಎರಡೇ ನಿಮಿಷದಲ್ಲಿ ಫೋನ್. "ಬಾಕ್ಸಿಗೆ 11,640 ರೂಪಾಯಿಯೇ? ಈ ದರಕ್ಕೆ ಕೂಗಿದ ಮಹಾರಾಯ ಯಾರಪ್ಪ? ಅವನನ್ನು ಸ್ವಲ್ಪ ನನ್ನ ಮಂಡಿಗೆ ಕಳಿಸು."

ಸರಾಸರಿ ತೆಗೆಯುವ ಕಡೆ ಎಲ್ಲವನ್ನೂ ಕೂಡಿಬಿಟ್ಟಿದ್ದೆ. ಸ್ಪೇಸ್ ಸರಿಯಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದ ಆ ಕಮಾಂಡ್‌ಗೆ ಟೊಮೆಟೊ ದರದ ಅಂದಾಜು ಎಲ್ಲಿಂದ ಬರಬೇಕು? ಸೂತ್ರದಲ್ಲಿ ಒಂದು ಪದ ಬದಲಿಸಿದೆ, ದರ 306ಕ್ಕೆ ಇಳಿಯಿತು. ಏನು ಬದಲಿಸಿದೆ, ಎಷ್ಟು ಗಂಟೆಗೆ ಎಂಬುದನ್ನೆಲ್ಲ ಗಿಟ್ ನನ್ನ ಹೆಸರಿನ ಸಮೇತ ಬರೆದಿಟ್ಟುಕೊಂಡಿತು. ಅದನ್ನು ಹೆಮ್ಮೆಯಿಂದ ವಿವರಿಸಿದರೆ ಚಿಕ್ಕಪ್ಪ ತನ್ನ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ಬಿಡಿಸಿ ತೋರಿಸಿದ: ತಪ್ಪು ಅಂಕಿಯ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದ ಅಂಕಿ, ಅದರ ಕೆಳಗೆ ಚಿಕ್ಕ ಸಹಿ. ಗಿಟ್ ಹುಟ್ಟಿದ್ದು 2005ರಲ್ಲಿ. ಆ ಪುಸ್ತಕದ ಮೇಲೆ 1994 ಎಂದಿತ್ತು. ನಾನು ಮಾತು ಬದಲಿಸಿದೆ.

ಆದರೆ ನಾನು ತಿದ್ದುವ ಮೊದಲೇ ಚಿಕ್ಕಪ್ಪ ತಮಾಷೆಗೆಂದು ಪರದೆಯ ಚಿತ್ರ ತೆಗೆದು ಮಂಡಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಮರುದಿನ ಬೆಳಿಗ್ಗೆ ಐದೂವರೆಗೆ ಮುಳಬಾಗಿಲು ಕಡೆಯ ರೈತರೊಬ್ಬರ ಫೋನ್ ಬಂತು.

"ಸ್ವಾಮಿ, ಆ ಹನ್ನೊಂದು ಸಾವಿರ ನಾಟಿಗೋ, ಹೈಬ್ರಿಡ್‌ಗೋ?"