ಯಾರು ನಡೀತಾರೆ ಸಾರ್?

ಇವತ್ತು ನಮ್ಮ ಲೇಔಟ್ ಅಸೋಸಿಯೇಷನ್ ಮೀಟಿಂಗ್ ಇತ್ತು. ಈಗ ಕೂತು ಇದನ್ನು ಬರೆಯದಿದ್ದರೆ ತಿಂದದ್ದು ಜೀರ್ಣ ಆಗುವುದಿಲ್ಲ. ಉದ್ದ ಆದರೆ ಸಹಿಸಿಕೊಳ್ಳಿ.

ವಿಷಯ ಇಷ್ಟೇ. ಒಳಗಿನ ಮೇನ್ ರೋಡಿಗೆ ಮತ್ತೆ ಡಾಂಬರು ಹಾಕುತ್ತಾರಂತೆ, ಏನಾದರೂ ಬೇಡಿಕೆ ಇದ್ದರೆ ಪತ್ರ ಕೊಡಬೇಕಂತೆ. ಒಬ್ಬರು ಸಿಸಿಟಿವಿ ಅಂದರು. ಒಬ್ಬರು ಹಂಪ್ ಬೇಕು ಅಂದರು. ಇನ್ನೊಬ್ಬರು ತಮ್ಮ ಮನೆ ಮುಂದಿರುವ ಹಂಪ್ ತೆಗೆಸಿ ಅಂದರು. ನಾನು ಎದ್ದು, ‘ಬಸ್ ಸ್ಟಾಪಿನವರೆಗೆ ಒಂದು ಸೈಡಾದರೂ ಸರಿಯಾದ ಫುಟ್‌ಪಾತ್ ಕೇಳೋಣ’ ಅಂದೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತಿರುಗಿ ನೋಡಿದರು. ಬೈಯಲಿಲ್ಲ, ಪ್ರೀತಿಯಿಂದಲೇ ಕೇಳಿದರು: ‘ನಮ್ಮ ಏರಿಯಾದಲ್ಲಿ ಯಾರು ನಡೀತಾರೆ ಸಾರ್?’

ಎಲ್ಲರೂ ನಕ್ಕರು. ಮಾತು ವಾಪಸ್ ಹಂಪಿಗೆ ಹೋಯಿತು.

ಈ ಹಿರಿಯರು ದಿನಾ ಬೆಳಿಗ್ಗೆ ಪಾರ್ಕಿಗೆ ವಾಕಿಂಗ್ ಬರುತ್ತಾರೆ. ಕಾರಿನಲ್ಲಿ. ಗೇಟಿನ ಪಕ್ಕದ ಫುಟ್‌ಪಾತ್ ಮೇಲೆ ಎರಡು ಚಕ್ರ ಹತ್ತಿಸಿ ನಿಲ್ಲಿಸಿ, ಒಳಗೆ ಹೋಗಿ, ಗಡಿಯಾರ ನೋಡಿಕೊಂಡು ಸುತ್ತು ಹೊಡೆದು, ಮತ್ತೆ ಕಾರು ಹತ್ತಿ ಮನೆಗೆ. ಮನೆ ಇರುವುದು ಪಾರ್ಕಿನಿಂದ ಮೂರು ಕ್ರಾಸ್ ಆಚೆ.

ಯಾರು ನಡೀತಾರೆ ಅಂತ ನಾನು ಹೇಳುತ್ತೇನೆ. ನನ್ನ ಸ್ನೇಹಿತರಿಗೆ ಗೊತ್ತಿರುವ ಹಾಗೆ ನಾವಿರುವುದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಮೈಸೂರು ರಸ್ತೆಯ ಆರ್ಚಿನಿಂದ ಸಾಕಷ್ಟು ಒಳಗೆ, ಏರಿನ ಮೇಲೆ. ಬೆಳಿಗ್ಗೆ ಆರೂವರೆಗೆ ಬಾಲ್ಕನಿಯಲ್ಲಿ ನಿಂತರೆ ಸಾಕು. ಮನೆಕೆಲಸದ ಹೆಂಗಸರು ಇಬ್ಬಿಬ್ಬರಾಗಿ ಮಾತಾಡಿಕೊಂಡು ಏರು ಹತ್ತಿ ಬರುತ್ತಾರೆ. ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು ಟಿಫಿನ್ ಬ್ಯಾಗ್ ಹಿಡಿದು ಇಳಿಯುತ್ತಾರೆ. ಪೌರಕಾರ್ಮಿಕರು ಅಷ್ಟರಲ್ಲಿ ಅರ್ಧ ರಸ್ತೆ ಗುಡಿಸಿರುತ್ತಾರೆ. ಹೂವಿನ ಬುಟ್ಟಿಯವರು ಬರುತ್ತಾರೆ. ಆಮೇಲೆ ಸ್ಕೂಲ್ ಮಕ್ಕಳು, ಬೆನ್ನ ಮೇಲೆ ಅವರಷ್ಟೇ ಎತ್ತರದ ಬ್ಯಾಗು. ನಮ್ಮ ಮನೆಗೆ ಬರುವ ಅಕ್ಕ ಬಸ್ ಇಳಿಯುವುದು ಆರ್ಚ್ ಹತ್ತಿರ. 2023ರ ಜೂನ್‌ನಿಂದ ಅವರಿಗೆ ಬಸ್ ಫ್ರೀ. ಆದರೆ ಒಳಗೆ ಬರುವ ಬಸ್ಸಿಗೆ ಕಾದು ಕೂತರೆ ಮೊದಲನೇ ಮನೆಗೆ ಲೇಟಾಗಿ ಬೈಸಿಕೊಳ್ಳಬೇಕು. ಅದಕ್ಕೇ ನಡೆದೇ ಬರುತ್ತಾರೆ. ಇವರೆಲ್ಲ ಕಣ್ಣಿಗೆ ಕಾಣುವುದಿಲ್ಲ ಅಂದರೆ ತೊಂದರೆ ಫುಟ್‌ಪಾತಿನದ್ದಲ್ಲ, ಕಣ್ಣಿನದ್ದು.

ಒಮ್ಮೆ ಆ ಅಕ್ಕನ ಜೊತೆ ಕೆಳಗಿನ ತನಕ ನಡೆದು ನೋಡಿ. ಶುರುವಿನಲ್ಲೇ ಟ್ರಾನ್ಸ್‌ಫಾರ್ಮರ್, ಸುತ್ತ ತಂತಿಬೇಲಿ. ಅಲ್ಲಿ ರಸ್ತೆಗೆ ಇಳಿಯಬೇಕು. ಮತ್ತೆ ಹತ್ತಿದರೆ ಮೋರಿ ಮೇಲಿನ ಚಪ್ಪಡಿ. ಅದರಲ್ಲೊಂದು ಅಲ್ಲಾಡುತ್ತದೆ, ಮಳೆ ಬಂದ ಮಾರನೇ ದಿನ ಕಾಲಿಟ್ಟರೆ ಕೆಳಗಿನ ನೀರು ಮಂಡಿತನಕ ಚಿಮ್ಮುತ್ತದೆ. ಅದನ್ನು ದಾಟಿದರೆ ಗೇಟಿನ ರ‍್ಯಾಂಪು. ಕಾರು ಸಲೀಸಾಗಿ ಏರಲಿ ಅಂತ ಫುಟ್‌ಪಾತನ್ನೇ ಒಡೆದು ಇಳಿಜಾರು ಮಾಡಿ, ಮೇಲೆ ಮಿರಮಿರ ಮಿಂಚುವ ಟೈಲ್ಸ್. ಮುಂದಿನ ಮನೆಯಲ್ಲಿ ಗ್ರಿಲ್ ಹಾಕಿ ದಾಸವಾಳ, ತುಳಸಿ, ಅಲೋವೆರಾ. ಪಕ್ಕದಲ್ಲಿ ಬೋರ್ಡು: ‘ಇಲ್ಲಿ ವಾಹನ ನಿಲ್ಲಿಸಿದರೆ ಟಯರ್ ಗಾಳಿ ತೆಗೆಯಲಾಗುವುದು.’ ಅದಾದಮೇಲೆ ಯಾರದ್ದೋ ಕಟ್ಟಡ ಕೆಲಸದ ಜಲ್ಲಿ, ಎಂ-ಸ್ಯಾಂಡು. ಮರಕ್ಕೆ ಸುತ್ತಿ ನೇತುಬಿಟ್ಟ ಕೇಬಲ್ ಸುರುಳಿ ಸರಿಯಾಗಿ ಮುಖದ ಎತ್ತರಕ್ಕೆ. ಇಷ್ಟೆಲ್ಲ ದಾಟಿ ಬಸ್ ಸ್ಟಾಪಿಗೆ ಬಂದರೆ ಶೆಲ್ಟರಿನ ಮುಂದೆ ಆಟೋ ಸಾಲು. ಬಸ್ಸು ನಿಲ್ಲುವುದು ರಸ್ತೆ ಮಧ್ಯೆ. ಹತ್ತಬೇಕಾದರೆ ಓಡಬೇಕು.

ಯಾರು ನಡೀತಾರೆ ಅಂತೆ!

ಬೇರೆ ಕಡೆ ಹೋಲಿಸುವುದು ಬೇಡ, ನಮ್ಮದೇ ದೇಶದ ಲೆಕ್ಕ ನೋಡಿ. ಕೇಂದ್ರ ಸಾರಿಗೆ ಇಲಾಖೆಯೇ ಕೊಟ್ಟಿರುವುದು. 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನಡೆಯುತ್ತಿದ್ದವರು 32,825. ಸತ್ತಾಗ ಲೆಕ್ಕಕ್ಕೆ ಬರುತ್ತಾರೆ, ರೋಡು ಮಾಡುವಾಗ ಮಾತ್ರ ಯಾರೂ ನಡೆಯುವುದಿಲ್ಲ.

ನಮ್ಮ ಕಡೆ ಮೆಟ್ರೋ ಬಂದದ್ದು 2021ರ ಆಗಸ್ಟ್ ಕೊನೆಗೆ. ಆರ್ಚ್ ಪಕ್ಕದಲ್ಲೇ ಸ್ಟೇಷನ್. ಅವತ್ತು ಎಷ್ಟು ಖುಷಿಪಟ್ಟಿದ್ದೆ ಅಂತ ಆಗಿನ ಪೋಸ್ಟ್ ನೋಡಿದವರಿಗೆ ನೆನಪಿರಬಹುದು. ರೈಲಿನ ಬಗ್ಗೆ ನನಗೆ ಈಗಲೂ ದೂರಿಲ್ಲ. ಹತ್ತಿ ಕೂತರೆ ಮೆಜೆಸ್ಟಿಕ್ ಬರುವವರೆಗೆ ತಲೆಬಿಸಿ ಇಲ್ಲ. ತಲೆಬಿಸಿ ಎಲ್ಲ ಮನೆಯಿಂದ ಸ್ಟೇಷನ್ನಿನವರೆಗೆ. ಮೀಟರ್ ಪ್ರಕಾರ ಆಟೋ ಮಿನಿಮಮ್ 36 ರೂಪಾಯಿ. ಮೀಟರ್ ಹಾಕುವ ಆಟೋ ನಿಮಗೆ ಸಿಕ್ಕರೆ ಫೋಟೋ ತೆಗೆದು ಕಳಿಸಿ. ಆಟೋಗೆ ಹೋಗಿಬರಲು ಕೊಡುವುದು ಮೆಟ್ರೋ ಟಿಕೆಟ್ಟಿಗಿಂತ ಜಾಸ್ತಿ ಆದರೆ ಜನ ಏನು ಮಾಡುತ್ತಾರೆ? ಬೈಕ್ ತೆಗೆಯುತ್ತಾರೆ. ಬೈಕ್ ತೆಗೆದ ಮೇಲೆ ಸ್ಟೇಷನ್ ಹತ್ತಿರ ಯಾಕೆ ನಿಲ್ಲಿಸಬೇಕು, ನೇರ ಆಫೀಸಿಗೇ ಹೋಗುತ್ತಾರೆ. ಮೈಸೂರು ರಸ್ತೆ ಮೇಲೆ ಕಂಬಗಳ ಸಾಲು ಎಬ್ಬಿಸಿ ರೈಲು ಓಡಿಸಿದವರಿಗೆ, ಆ ರೈಲಿಗೆ ಜನ ಬರುವ ದಾರಿಯೂ ರೈಲಿನದೇ ಭಾಗ ಅಂತ ಯಾರಾದರೂ ಹೇಳಬೇಡವೇ?

ಮೀಟಿಂಗಿನಲ್ಲಿ ಇನ್ನೊಂದು ಮಾತು ಬಂತು. ‘ಜಾಗ ಎಲ್ಲಿದೆ ಸಾರ್, 40 ಅಡಿ ರೋಡು.’ ಸರಿ, ಲೆಕ್ಕ ಹಾಕೋಣ. ರಸ್ತೆ ಹೇಗಿರಬೇಕು ಅಂತ ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಕೈಪಿಡಿ ಪ್ರಕಾರ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ರಸ್ತೆಯಿಂದ 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು. 1.8 ಮೀಟರ್ ಅಂದರೆ ಆರಡಿಗೂ ಸ್ವಲ್ಪ ಕಮ್ಮಿ. ಎರಡೂ ಕಡೆ ಆರಾರು ಅಡಿ ಬಿಟ್ಟರೂ 28 ಅಡಿ ಉಳಿಯುತ್ತದೆ. ಹತ್ತತ್ತು ಅಡಿಯಂತೆ ಹೋಗಲು ಒಂದು, ಬರಲು ಒಂದು. ಇನ್ನೂ ಎಂಟಡಿ ಉಳಿಯಿತು, ಒಂದು ಸೈಡು ನಿಮ್ಮ ಕಾರೂ ನಿಲ್ಲಿಸಿಕೊಳ್ಳಿ. ಜಾಗ ಇಲ್ಲದೇ ಇರುವುದಲ್ಲ. ಎರಡೂ ಸೈಡು ಕಾರು ನಿಲ್ಲಬೇಕು, ಮನೆಯೊಳಗಿನ ಪಾರ್ಕಿಂಗ್ ಜಾಗದಲ್ಲಿ ಅಂಗಡಿ ಬಾಡಿಗೆಗೆ ಕೊಟ್ಟಿರಬೇಕು. ಇದನ್ನು ಹೇಳಿದ್ದಕ್ಕೆ ಇಬ್ಬರು ಈಗ ನನ್ನ ಜೊತೆ ಮಾತಾಡುತ್ತಿಲ್ಲ. ಅಡ್ಡಿಯಿಲ್ಲ.

ಮಗಳ ಸೈಕಲ್ ಕಥೆ ಕೇಳಿ. ಟ್ಯೂಷನ್ನಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ ಅನ್ನುತ್ತಾಳೆ. ದೂರ ಏನಿಲ್ಲ. ಏರಿದೆ, ಅದಕ್ಕೂ ಅವಳು ತಯಾರು, ಗೇರ್ ಸೈಕಲ್. ಕಳಿಸಲು ನನಗೇ ಧೈರ್ಯ ಇಲ್ಲ. ನೀರಿನ ಟ್ಯಾಂಕರ್ ತಿರುವಿನಲ್ಲಿ ಬರುವ ಸ್ಪೀಡ್ ನೋಡಿದ್ದೇನೆ. ಹಾಗಾಗಿ ಅಷ್ಟು ಕಾಸು ಕೊಟ್ಟು ತಂದ ಸೈಕಲ್ ಮೇಲೆ ಈಗ ಟವೆಲ್ ಒಣಗುತ್ತದೆ, ಅವಳನ್ನು ನಾನೇ ಸ್ಕೂಟರಿನಲ್ಲಿ ಬಿಡುತ್ತೇನೆ. ಟ್ಯೂಷನ್ ಗೇಟಿನಲ್ಲಿ ಅದೇ ಭಯದ ಅಪ್ಪ ಅಮ್ಮಂದಿರ ಸ್ಕೂಟರುಗಳು ಸಾಲಾಗಿ ನಿಂತಿರುತ್ತವೆ. ನಡೆದು ಬರುವ ಒಂದಿಬ್ಬರು ಮಕ್ಕಳಿಗೂ ಜಾಗ ಇಲ್ಲ.

‘ಸೈಕಲ್ ಪಥ ಎಲ್ಲ ನಮ್ಮೂರಲ್ಲಿ ನಡೆಯಲ್ಲ, ಔಟರ್ ರಿಂಗ್ ರೋಡಿನಲ್ಲಿ ಏನಾಯ್ತು ನೋಡಿದ್ರಲ್ಲ’ ಅನ್ನುವವರಿದ್ದಾರೆ. ನೋಡಿದ್ದೇನೆ. 2020ರಲ್ಲಿ ಗೂಟ ನೆಟ್ಟು ಗುರುತು ಹಾಕಿದರು, ಬೈಕಿನವರು ಅದರೊಳಗೇ ನುಗ್ಗಿದರು. ಬೈಕಿನವರು ನುಗ್ಗಿದ್ದಕ್ಕೆ ಸೈಕಲ್ಲಿನವರ ತಪ್ಪಾ? ಸಿಗ್ನಲ್ ಜಂಪ್ ಮಾಡುತ್ತಾರೆ ಅಂತ ಸಿಗ್ನಲ್ ಕಿತ್ತುಹಾಕುತ್ತೇವಾ? ನಮ್ಮ ಒಳರಸ್ತೆಗೆ ಪ್ರತ್ಯೇಕ ಪಥವೇ ಬೇಡ ಸ್ವಾಮಿ. ಗಾಡಿಗಳ ಸ್ಪೀಡ್ ಇಳಿಸಿದರೆ ಸಾಕು, ಮಕ್ಕಳು ಆರಾಮಾಗಿ ತುಳಿದುಕೊಂಡು ಹೋಗುತ್ತಾರೆ. ಮಳೆ, ಬಿಸಿಲು, ನಾಯಿ ಅಂತೆಲ್ಲ ಹೇಳುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ, ಟೈಮೂ ಇಲ್ಲ.

ಅಮ್ಮನ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಅರಸೀಕೆರೆ ಕಡೆಯ ನಮ್ಮ ಊರಲ್ಲಿ ಅವರು ಈಗಲೂ ಬೆಳಿಗ್ಗೆ ತೋಟಕ್ಕೆ ಹೋಗಿ ಬರುತ್ತಾರೆ. ದಾರಿ ಪೂರ್ತಿ ಮಣ್ಣು. ಇಲ್ಲಿಗೆ ಬಂದರೆ ಮೂರನೇ ದಿನಕ್ಕೆ ‘ಬಸ್ ಹತ್ತಿಸಪ್ಪ’ ಶುರು. ಮೊದಲೆಲ್ಲ ಮೊಮ್ಮಗಳ ಕೈ ಹಿಡಿದು ದೇವಸ್ಥಾನಕ್ಕಾದರೂ ಹೋಗುತ್ತಿದ್ದರು. ಒಂದು ಸಲ ಫುಟ್‌ಪಾತ್ ಮೇಲೇ ಹಿಂದಿನಿಂದ ಬೈಕ್ ಬಂದು ಹಾರ್ನ್ ಹೊಡೆದು, ‘ಅಜ್ಜಿ ಸೈಡಿಗೆ’ ಅಂತ ಕೂಗಿದ. ಫುಟ್‌ಪಾತ್ ಬಿಟ್ಟು ಇನ್ನ್ಯಾವ ಸೈಡಿಗೆ? ಆಮೇಲೆ ಅವರು ಕಾಂಪೌಂಡ್ ದಾಟಿಲ್ಲ. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದರೆ, ‘ಅಲ್ಲೇ ಕಾಣ್ತದಲ್ಲೋ ಗೋಪುರ, ಅದಕ್ಯಾಕೆ ಕಾರು’ ಅನ್ನುತ್ತಾರೆ.

ಜಯನಗರದಲ್ಲಿರುವ ಚಿಕ್ಕಮ್ಮ ಅಮ್ಮನಿಗಿಂತ ದೊಡ್ಡವರು ಅನ್ನುವ ಹಾಗೆ ಕಾಣುತ್ತಾರೆ. ಮಂಡಿನೋವು ಬೇರೆ. ಅವರು ಚೀಲ ಹಿಡಿದು ನಾಲ್ಕನೇ ಬ್ಲಾಕಿಗೆ ತರಕಾರಿಗೆ ನಡೆದೇ ಹೋಗುತ್ತಾರೆ, ದಾರಿಯುದ್ದ ಮರದ ನೆರಳು, ಅಗಲ ಫುಟ್‌ಪಾತು. ಅಲ್ಲೂ ಈಗ ಎಲ್ಲ ನೆಟ್ಟಗಿಲ್ಲ, ಬೈಕು ನಿಲ್ಲಿಸುವವರು ಇದ್ದೇ ಇದ್ದಾರೆ. ಆದರೂ ಲೇಔಟ್ ಗೆರೆ ಎಳೆಯುವಾಗ ಯಾರೋ ನಡೆಯುವವರನ್ನು ನೆನಪಿಟ್ಟುಕೊಂಡಿದ್ದರು. ಅದೇ ಊರು, ಅದೇ ಮಳೆ, ಅದೇ ಜನ.

ಕಳೆದ ವರ್ಷ, ಅಂದರೆ 2025ರ ಮೇನಲ್ಲಿ, ಸುಪ್ರೀಂ ಕೋರ್ಟ್ ಹೇಳಿತು, ಓಡಾಡಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ. ಮೀಟಿಂಗಿನಲ್ಲಿ ಇದನ್ನೂ ಹೇಳಿದೆ. ಕಾರ್ಯದರ್ಶಿಗಳು ‘ಒಳ್ಳೇ ಪಾಯಿಂಟು’ ಅಂತ ಬರೆದುಕೊಂಡರು. ಆಮೇಲೆ ಪತ್ರದ ಕರಡು ವಾಟ್ಸಾಪಿಗೆ ಬಂತು. ಸಿಸಿಟಿವಿ ಇದೆ. ಹಂಪ್ ಇದೆ. ಹಂಪ್ ತೆಗೆಯುವುದೂ ಇದೆ. ಫುಟ್‌ಪಾತ್ ಇಲ್ಲ.

ಹಾಗಾಗಿ ಬೇರೆಯೇ ಪತ್ರ ಬರೆದಿದ್ದೇನೆ. ಬಸ್ ಸ್ಟಾಪಿನವರೆಗೆ ಒಂದೇ ಸೈಡು, ಆರಡಿ, ಗೇಟು ಬಂದ ಕಡೆ ಕಾರು ಹತ್ತಿ ಇಳಿಯಲಿ, ಫುಟ್‌ಪಾತ್ ಮಟ್ಟ ಹಾಗೇ ಇರಲಿ. ಟ್ರಾನ್ಸ್‌ಫಾರ್ಮರ್ ಸರಿಸಲು ಆಗದಿದ್ದರೆ ಅದರ ಮುಂದೆ ಫುಟ್‌ಪಾತನ್ನು ಹೊರಗೆ ಸುತ್ತಿಸಿ, ಅಷ್ಟುದ್ದ ಪಾರ್ಕಿಂಗ್ ತೆಗೆದುಹಾಕಿ. ಸ್ಟಾಪ್ ಮುಂದೆ ಬಸ್ಸಿಗೆ ಮಾತ್ರ ಜಾಗ. ನಮ್ಮ ಮನೆಗೆ ಬರುವ ಅಕ್ಕ ಮೊದಲ ಸಹಿ ಹಾಕಿದ್ದಾರೆ, ಎದುರಿನ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಎರಡನೆಯದು. ಏರಿಯಾದ ಸ್ನೇಹಿತರು ಸಂಜೆ ಮನೆ ಹತ್ತಿರ ಬಂದು ಹಾಕಿ, ಕಾಫಿ ಕೊಡುತ್ತೇನೆ.

‘ಮೊದಲು ನಿಮ್ಮ ಕಾರು ಮಾರಿ’ ಅಂತ ಕಾಮೆಂಟ್ ಹಾಕುವವರು ದಯವಿಟ್ಟು ರೇಟ್ ಸಮೇತ ಹಾಕಿ. ಸಿಂಗಲ್ ಓನರ್, ಪೆಟ್ರೋಲು, ಬ್ಯಾಟರಿ ಈಚೆಗೆ ಹಾಕಿಸಿದ್ದು.